ಒಂದು ಬೆರಳಷ್ಟು ಸಡಿಲ

ನನ್ನ ಗಂಡನಿಗೆ ನಮ್ಮ ಬೀದಿಯವರು ಇಟ್ಟ ಹೆಸರು ಇಸ್ತ್ರಿ ಮೇಸ್ತ್ರಿ. ಕಾರು ರಿಪೇರಿ ಮಾಡುವವನ ಅಂಗಿಗೆ ಎಣ್ಣೆ ಮೆತ್ತಿರಬೇಕು, ಉಗುರಿನ ಸಂದಿಯಲ್ಲಿ ಮಸಿ ಇರಬೇಕು ಎಂದು ಲೋಕಕ್ಕೆಲ್ಲ ಗೊತ್ತು, ಇವರೊಬ್ಬರಿಗೆ ಗೊತ್ತಿಲ್ಲ. ಬೆಳಿಗ್ಗೆ ಶೆಡ್ಡಿನ ಶಟರ್ ಎತ್ತುವಾಗ ನೀಲಿ ಅಂಗಿಯ ತೋಳಿನ ಗೆರೆ ಎಷ್ಟು ನೆಟ್ಟಗಿರುತ್ತದೋ ಸಂಜೆ ಇಳಿಸುವಾಗಲೂ ಅಷ್ಟೇ ನೆಟ್ಟಗಿರುತ್ತದೆ. ಇಸ್ತ್ರಿ ಮಾಡುವವಳು ನಾನಲ್ಲ, ಆ ಅಪವಾದ ನನಗೆ ಬೇಡ. ನಾನು ಮಾಡಿದರೆ ಕಾಲರ್ ಸುಕ್ಕಾಗುತ್ತದಂತೆ. ಅವರೇ ಮಾಡಿಕೊಳ್ಳುತ್ತಾರೆ.

ಶೆಡ್ಡೂ ಹಾಗೆಯೇ. ಗೋಡೆಯ ಮೇಲೆ ಸ್ಪ್ಯಾನರುಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ತೂಗುತ್ತವೆ. ಪ್ರತಿಯೊಂದರ ಹಿಂದೆ ಅದರದೇ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆದಿದ್ದಾರೆ. ಒಂದು ಕಾಣೆಯಾದರೆ ಗೋಡೆಯೇ ಬಾಯಿಬಿಟ್ಟು ಹೇಳಬೇಕು. ನಾನು ಬಾಗಿಲ ಬಳಿಯ ಮೇಜಿನಲ್ಲಿ ಕೂತು ಫೋನು ಎತ್ತುತ್ತೇನೆ, ಬಿಡಿಭಾಗಗಳ ಕಪಾಟು ನೋಡಿಕೊಳ್ಳುತ್ತೇನೆ, ಕತ್ತಲ ಸಂದಿಗಳಿಗೆ ಟಾರ್ಚು ಹಿಡಿಯುತ್ತೇನೆ. ಇಪ್ಪತ್ತಾರು ವರ್ಷ ಟಾರ್ಚು ಹಿಡಿದವಳಿಗೆ ಕಾರಿನ ಹೊಟ್ಟೆಯೂ ಗೊತ್ತಾಗುತ್ತದೆ, ಗಂಡನ ಹೊಟ್ಟೆಯೂ ಗೊತ್ತಾಗುತ್ತದೆ.

ಇವರ ಕೆಲಸಕ್ಕೊಂದು ಗುರುತಿದೆ. ವೈರುಗಳನ್ನು ಕಟ್ಟಲು ಬೇರೆಯವರು ಪ್ಲಾಸ್ಟಿಕ್ ಪಟ್ಟಿ ಬಳಸುತ್ತಾರೆ. ಇವರು ಮೇಣ ಹಚ್ಚಿದ ಕಪ್ಪು ನೈಲಾನ್ ದಾರ ಬಳಸುತ್ತಾರೆ. ನಮ್ಮ ಮಾವ ಚರ್ಮದ ಚೀಲ ಹೊಲಿಯುತ್ತಿದ್ದವರು. ದಾರವೂ ಗಂಟೂ ಅವರಿಂದ ಬಂದವು. ಎರಡು ಸುತ್ತು, ಒಂದು ಒಳಕುಣಿಕೆ, ಹಲ್ಲು ಕಚ್ಚಿ ಒಂದು ಎಳೆತ, ಆಮೇಲೆ ತುದಿಗೆ ಬೆಂಕಿಕಡ್ಡಿ ಸೋಕಿಸಿದರೆ ಸಾಸಿವೆ ಗಾತ್ರದ ಕಪ್ಪು ಮಣಿ. ಹೊಲಿಗೆ ಬಿಗಿಯಿದ್ದಷ್ಟೂ ಚೀಲಕ್ಕೆ ಆಯಸ್ಸು ಎನ್ನುತ್ತಿದ್ದರು ಮಾವ. ಆ ಗಂಟನ್ನು ಇನ್ನೊಬ್ಬರು ಹಾಕಿದ್ದನ್ನು ನಾನು ಕಂಡಿಲ್ಲ.

ಇಷ್ಟು ಅಚ್ಚುಕಟ್ಟಿನ ಮನುಷ್ಯನ ಜೊತೆ ಬಾಳುವುದು ಸುಲಭವೆಂದು ಯಾರಾದರೂ ಅಂದುಕೊಂಡಿದ್ದರೆ ನಮ್ಮ ಮನೆಗೆ ಬಂದು ಒಂದು ವಾರ ಇದ್ದು ನೋಡಲಿ. ಆದರೆ ನಾನು ಈಗ ಹೇಳಹೊರಟಿದ್ದು ಅದನ್ನಲ್ಲ, ನರ್ಸಮ್ಮನ ಕಾರಿನ ವಿಷಯ.

ನರ್ಸಮ್ಮನಿಗೆ ಆಗ ಅರವತ್ತೊಂದು ವರ್ಷ. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೆ ಮನೆಯಲ್ಲಿ ಕೂರಲಿಲ್ಲ. ಹಾಸಿಗೆ ಹಿಡಿದವರ ಮನೆಗೆ ತಾವೇ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುತ್ತಾರೆ, ಪರೀಕ್ಷೆಗೆ ರಕ್ತ ತೆಗೆದು ಲ್ಯಾಬಿಗೆ ಮುಟ್ಟಿಸುತ್ತಾರೆ. ಊರಿನ ನಾಲ್ಕು ಮೂಲೆಗೆ ಹರಡಿದ ಹನ್ನೊಂದು ಮನೆಗಳು ಆಗ. ಅದಕ್ಕೆಂದೇ ಎರಡು ವರ್ಷ ಮುಂಚೆ ಒಂದು ಪುಟ್ಟ ಬಿಳಿ ಕಾರು ಕೊಂಡರು. ಗಂಡ ತೀರಿಕೊಂಡಿದ್ದಾರೆ, ಮಗನ ಜೊತೆ ಇದ್ದಾರೆ. ಮಗ ಕೆಟ್ಟವನಲ್ಲ, ಅಮ್ಮನ ಮೇಲೆ ಪ್ರೀತಿ ಇದೆ, ಹೆದರಿಕೆ ಅದಕ್ಕಿಂತ ಒಂದು ತೂಕ ಹೆಚ್ಚು ಇದೆ.

"ಮೇಸ್ತ್ರಿ, ಗಾಡಿ ಇದ್ದಕ್ಕಿದ್ದ ಹಾಗೆ ಎಳೆಯೋದು ನಿಲ್ಲಿಸ್ಬಿಡುತ್ತೆ," ಎಂದು ಅವರು ಮೊದಲ ಸಲ ಬಂದಾಗ ಹೇಳಿದರು. "ಎಂಜಿನ್ ಆಫ್ ಆಗಲ್ಲ. ಆದ್ರೆ ಕಾಲು ಎಷ್ಟು ಒತ್ತಿದ್ರೂ ಅದಕ್ಕೆ ಕೇಳಿಸೋದೇ ಇಲ್ಲ. ಒಂದು ಹಳದಿ ದೀಪ ಬರುತ್ತೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ್ರೆ, ಏನೂ ಆಗಿಲ್ವೇನೋ ಅನ್ನೋ ಹಾಗೆ ಹೋಗುತ್ತೆ. ದೀಪಾನೂ ಹೋಗಿರುತ್ತೆ."

"ಯಾವಾಗ ಆಗುತ್ತೆ?"

"ಅದಕ್ಕೆ ಮನಸ್ಸು ಬಂದಾಗ. ವಾರಕ್ಕೊಂದ್ಸಲ. ಒಂದೊಂದು ವಾರ ಅದೂ ಇಲ್ಲ."

ಹೊಸ ಕಾರುಗಳ ಸಂಗತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಹಳೆಯ ಗಾಡಿಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಒಂದು ತಂತಿ ಎಳೆದು ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು ತೆರೆಯುತ್ತಿತ್ತು. ಈಗ ಹಾಗಲ್ಲ. ಕಾಲು ಒತ್ತಿದ್ದನ್ನು ಕಂಪ್ಯೂಟರು ಕೇಳಿಸಿಕೊಂಡು, ವೈರಿನ ಮೂಲಕ ಹೇಳಿಕಳಿಸಿ, ಆ ಬಾಗಿಲು ತೆರೆಸುತ್ತದೆ. ಬಾಗಿಲು ಎಷ್ಟು ತೆರೆಯಿತೆಂಬ ಉತ್ತರವೂ ವೈರಿನಲ್ಲೇ ವಾಪಸು ಬರಬೇಕು. ಒಂದು ಕ್ಷಣ ಉತ್ತರ ಬರದಿದ್ದರೂ ಅದಕ್ಕೆ ಅನುಮಾನ. ಕೂಡಲೇ ಬಲ ಇಳಿಸಿ, ತೆವಳಿಕೊಂಡು ಮನೆ ಸೇರಿಕೋ ಎಂದುಬಿಡುತ್ತದೆ. ಜೊತೆಗೆ ಏನಾಯಿತು, ಆಗ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಸುತ್ತುತ್ತಿತ್ತು ಎಂದೆಲ್ಲ ಒಳಗೆ ಬರೆದಿಟ್ಟುಕೊಳ್ಳುತ್ತದೆ. ನಮ್ಮ ಸ್ಕ್ಯಾನರ್ ಓದುವುದು ಆ ಬರಹವನ್ನು.

ಓದುವುದು ಎಂದೆ. ಇವರು ಓದಬೇಕಲ್ಲ. ಸ್ಕ್ಯಾನರ್ ಚುಚ್ಚಿದ ಕೂಡಲೇ ಇವರು ಮಾಡುವ ಮೊದಲ ಕೆಲಸವೆಂದರೆ ಒಳಗಿರುವ ಹಳೆಯದನ್ನೆಲ್ಲ ಅಳಿಸುವುದು. ಮೊದಲು ಕಸ ಗುಡಿಸಬೇಕು, ಆಮೇಲೆ ಕೆಲಸ ಶುರು ಮಾಡಬೇಕು ಎಂಬುದು ಇವರ ಶಾಸ್ತ್ರ. ಅಳಿಸಿದರು, ಗಾಡಿಯನ್ನು ಊರೆಲ್ಲ ಓಡಿಸಿದರು, ಮತ್ತೆ ಸ್ಕ್ಯಾನರ್ ನೋಡಿದರು. ಹೊಸದೇನೂ ಇರಲಿಲ್ಲ. ಗಾಳಿಯ ಫಿಲ್ಟರು ನೋಡಿದರು, ಪೆಟ್ರೋಲ್ ಪಂಪಿನ ಒತ್ತಡ ನೋಡಿದರು, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಜೋಡಿಸಿ ನೋಡಿದರು. ಎಲ್ಲ ಸರಿಯಿತ್ತು.

ನರ್ಸಮ್ಮ ಎರಡನೇ ಸಲ ಬಂದರು. ಮೂರನೇ ಸಲ ಬಂದರು. ಪ್ರತಿ ಸಲವೂ ಇವರು ಗುಡಿಸಿದರು, ಪ್ರತಿ ಸಲವೂ ಗಾಡಿ ಇವರ ಕೈಯಲ್ಲಿ ಕುದುರೆಯ ಹಾಗೆ ಓಡಿತು. ಮೂರನೇ ಸಲದ ಸಂಜೆ ಮಗನ ಫೋನು ಬಂತು. ಇವರ ಎರಡೂ ಕೈ ಕೆಲಸದಲ್ಲಿದ್ದವು, ನಾನೇ ಫೋನನ್ನು ಇವರ ಕಿವಿಗೆ ಹಿಡಿದೆ.

"ಏನೂ ಇಲ್ಲಪ್ಪ," ಎಂದರು ಇವರು. ಆ ಕಡೆಯಿಂದ ಅವನು ಏನೋ ಕೇಳಿದ. ಇವರು ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ, ಹಾಗೆ ಇದು. ವಯಸ್ಸಾಯ್ತಲ್ಲ, ಕ್ಲಚ್ಚಿನ ಕಾಲು ಒಂದು ಕಡೆ, ಆಕ್ಸಿಲರೇಟರ್ ಕಾಲು ಒಂದು ಕಡೆ. ಗಾಡಿ ಪಾಪ ಏನು ಮಾಡುತ್ತೆ?"

ನನಗೆ ಆಗಲೇ ಸರಿ ಅನ್ನಿಸಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಫೋನು ಇಟ್ಟು ಕಪಾಟಿನಲ್ಲಿ ಏನೋ ಹುಡುಕಲು ಹೋದೆ.

ಒಂಬತ್ತು ದಿನ ಬಿಟ್ಟು, ಗುರುವಾರ ಮಧ್ಯಾಹ್ನ, ಬಿಳಿ ಕಾರು ಬಸವನ ಹುಳುವಿನ ಹಾಗೆ ತೆವಳಿಕೊಂಡು ಬಂದು ನಮ್ಮ ಶೆಡ್ಡಿನೊಳಗೆ ನಿಂತಿತು. ಹಳದಿ ದೀಪ ಉರಿಯುತ್ತಿತ್ತು. ನರ್ಸಮ್ಮ ಇಳಿಯಲಿಲ್ಲ, ಎಂಜಿನ್ ಆರಿಸಲೂ ಇಲ್ಲ.

"ನೋಡಿ ಮೇಸ್ತ್ರಿ. ನೀರಿನ ಟ್ಯಾಂಕಿನ ಏರುರಸ್ತೇಲಿ ಆಯ್ತು. ಈ ಸಲ ಆಫ್ ಮಾಡಿಲ್ಲ, ಹಾಗೇ ತಂದಿದೀನಿ. ದೀಪ ಇದೆ ತಾನೆ? ನನ್ನ ಕಣ್ಣಿಗೆ ಮಾತ್ರ ಕಾಣ್ತಿರೋದಲ್ಲ ತಾನೆ?"

ನಾನು ಹೋಗಿ ಬಾಗಿಲು ತೆರೆದೆ.

"ಇದೆ ನರ್ಸಮ್ಮ, ನನಗೂ ಕಾಣ್ತಿದೆ," ಎಂದೆ.

ಆಮೇಲೆ ವಿಷಯ ಹೊರಬಂತು. ಮಗ ಬೀಗದ ಕೈ ಕಸಿದುಕೊಂಡಿದ್ದಾನೆ. ಮೇಸ್ತ್ರಿಯೇ ಹೇಳಿದ ಮೇಲೆ ಇನ್ನೇನು ಉಳಿಯಿತು ಎಂದಿದ್ದಾನೆ. ಭಾನುವಾರ ಕಾರು ಕೊಳ್ಳುವವರು ಬರುತ್ತಾರೆ. ಕಾರು ಹೋದರೆ ಹನ್ನೊಂದು ಮನೆಗಳೂ ಹೋದವು. ರಕ್ತದ ಡಬ್ಬಿ ಹಿಡಿದುಕೊಂಡು ಬಸ್ಸಿನ ನೂಕುನುಗ್ಗಲಿನಲ್ಲಿ ಹೋಗಲಾಗುವುದಿಲ್ಲ.

"ಎರಡನೇ ಬೀಗದ ಕೈ ನನ್ನ ಸೂಜಿ ಡಬ್ಬೀಲಿತ್ತು. ಅವನಿಗೆ ಗೊತ್ತಿಲ್ಲ," ಎಂದರು ನರ್ಸಮ್ಮ. "ಈ ವಯಸ್ಸಲ್ಲಿ ನನ್ನ ಗಾಡಿನ ನಾನೇ ಕದ್ದುಕೊಂಡು ಬಂದಿದೀನಿ. ಗಾಡಿ ಹೋದ್ರೆ ಹೋಗ್ಲಿ ಮೇಸ್ತ್ರಿ. ಆದ್ರೆ ನಾನು ಒಲೆ ಆರಿಸಿದೀನಾ, ಮಾತ್ರೆ ನುಂಗಿದೀನಾ ಅಂತ ಅವನು ಈಗ ದಿನಾ ಹಿಂದೆ ಬಂದು ನೋಡ್ತಾನೆ. ನೆಲ ಡೊಂಕು ಅಂದ್ರಂತಲ್ಲ ನೀವು. ನನಗೇ ನನ್ನ ಮೇಲೆ ಅನುಮಾನ ಬಂದ್ಬಿಟ್ಟಿದೆ."

ನನ್ನ ಮೈಯೆಲ್ಲ ಉರಿದುಹೋಯಿತು. ಗಂಡನ ಕಡೆ ತಿರುಗಿದೆ. ನಾಲಿಗೆಗೆ ಎಲುಬಿಲ್ಲವೆಂದು ಬಾಯಿಗೆ ಬಂದದ್ದು ಆಡುವುದೇ, ಅರವತ್ತೊಂದು ವರ್ಷದ ಹೆಂಗಸಿನ ಕಾಲಿನ ಮೇಲೆ ತೀರ್ಪು ಕೊಡಲು ನೀವೇನು ಡಾಕ್ಟರೇ ಎಂದೆಲ್ಲ ಅಂದೆ. ಗಿರಾಕಿಯ ಮುಂದೆ ಗಂಡನನ್ನು ಹಾಗೆ ಅನ್ನಬಾರದು. ಅಂದೆ. ಇವರು ಸ್ಕ್ಯಾನರ್ ತಂದು ಚುಚ್ಚಿದರು. ಅಭ್ಯಾಸದ ಬೆರಳು ನೇರ ಅಳಿಸುವ ಗುಂಡಿಯ ಕಡೆಗೇ ಹೋಯಿತು. ನಾನು ಮಣಿಕಟ್ಟು ಹಿಡಿದುಕೊಂಡೆ.

"ಗುಡಿಸ್ಬೇಡಿ. ಇದೊಂದ್ಸಲ ಓದಿ."

ಓದಿದರು. ಗಾಳಿಯ ಬಾಗಿಲಿನಿಂದ ಬರಬೇಕಾದ ಉತ್ತರ ಒಂದು ಕ್ಷಣ ಕಡಿದುಹೋಗಿತ್ತು. ಆಗ ವೇಗ ಇಪ್ಪತ್ತೆಂಟು. ಎಂಜಿನ್ನಿನ ಸುತ್ತು ನಿಮಿಷಕ್ಕೆ ಸಾವಿರದ ಇನ್ನೂರು. ಇವರು ಒಂದು ರಟ್ಟಿನ ತುಂಡಿನ ಮೇಲೆ ಲೆಕ್ಕ ಹಾಕಿ ಹುಬ್ಬು ಗಂಟಿಕ್ಕಿದರು.

"ನರ್ಸಮ್ಮ, ಟ್ಯಾಂಕಿನ ಏರನ್ನ ಮೂರನೇ ಗೇರಲ್ಲಿ ಹತ್ತಿಸ್ತೀರಾ?"

"ಹೌದು. ಹಿಂದೆ ಡಬ್ಬೀಲಿ ರಕ್ತದ ಟ್ಯೂಬ್ ಇರುತ್ತಲ್ಲ. ಎರಡನೇ ಗೇರಿಗೆ ಹಾಕಿದ್ರೆ ಗಾಡಿ ಜಗ್ಗುತ್ತೆ. ಟ್ಯೂಬ್ ಕುಲುಕಾಡಿದ್ರೆ ಒಳಗಿರೋದು ಕೆಡುತ್ತೆ, ಮತ್ತೆ ಹೋಗಿ ಆ ಮುದುಕರ ಕೈಗೆ ಇನ್ನೊಂದ್ಸಲ ಸೂಜಿ ಚುಚ್ಬೇಕು. ಅವರ ಕೈಯಲ್ಲಿ ನರ ಹುಡುಕೋದು ನಿಮ್ಮ ಕೆಲಸದಷ್ಟು ಸುಲಭ ಅಲ್ಲ. ಅದಕ್ಕೆ ಮೂರನೇ ಗೇರಲ್ಲೇ ಮೆತ್ತಗೆ ಹೋಗ್ತೀನಿ."

ಇವರು ರಟ್ಟನ್ನೇ ನೋಡುತ್ತ ನಿಂತರು. ಇವರಾಗಲಿ ಮಗನಾಗಲಿ ಏರು ಬಂದರೆ ಎರಡನೇ ಗೇರಿಗೆ ಹಾಕಿ ಒತ್ತುವವರು. ಆಗ ಎಂಜಿನ್ ಹಗುರವಾಗಿ ಓಡುತ್ತದೆ. ಮೂರನೇ ಗೇರಿನಲ್ಲಿ, ಕಡಿಮೆ ಸುತ್ತಿನಲ್ಲಿ ಏರು ಹತ್ತಿಸಿದರೆ ಅದು ಏದುಸಿರು ಬಿಡುತ್ತದೆ, ಕೂತ ಜಾಗದಲ್ಲೇ ನಡುಗಿ ವಾಲುತ್ತದೆ. ಹಾಗೆ ಓಡಿಸುವವರು ಈ ಗಾಡಿಗೆ ಒಬ್ಬರೇ.

ಇವರು ಬಾನೆಟ್ ಎತ್ತಿದರು. ನಾನು ಟಾರ್ಚು ಹಿಡಿದೆ. ಬ್ರೇಕು ಒತ್ತಿಕೊಂಡೇ ಕ್ಲಚ್ಚನ್ನು ಚೂರೇ ಚೂರು ಬಿಡಲು ನರ್ಸಮ್ಮನಿಗೆ ಹೇಳಿದರು. ಎಂಜಿನ್ ತಿಣುಕಿ ಎರಡು ಬೆರಳಷ್ಟು ಹಿಂದಕ್ಕೆ ವಾಲಿತು. ಅದರ ಜೊತೆಗೇ ಪಕ್ಕದ ಒಂದು ವೈರಿನ ಕಟ್ಟು ವೀಣೆಯ ತಂತಿಯ ಹಾಗೆ ಬಿಗಿಯಾಯಿತು. ನಾನು ಟಾರ್ಚನ್ನು ಅದರ ಬುಡಕ್ಕೆ ಸರಿಸಿದೆ. ಕಾರಿನ ಬಾಡಿಯ ಕೊಂಡಿಗೆ ಅದನ್ನು ಕಟ್ಟಲಾಗಿತ್ತು. ಕಪ್ಪು ದಾರ. ಎರಡು ಸುತ್ತು, ಒಂದು ಒಳಕುಣಿಕೆ. ತುದಿಯಲ್ಲಿ ಸಾಸಿವೆ ಗಾತ್ರದ ಮಣಿ.

ನನಗೆ ಆಗ ನೆನಪಾಯಿತು. ನಾಲ್ಕು ತಿಂಗಳ ಹಿಂದೆ ನರ್ಸಮ್ಮನ ಮನೆಯ ಇಲಿಗಳು ಈ ಕಾರಿನ ಮೂರು ವೈರು ಕಡಿದಿದ್ದವು. ಇವರೇ ಜೋಡಿಸಿ, ಟೇಪು ಸುತ್ತಿ, ನೋಡಲು ಚಂದವಾಗಿರಲೆಂದು ಕೊಂಡಿಗೆ ಬಿಗಿದು ಕಟ್ಟಿದ್ದರು. ಎಂಜಿನ್ ಅಲುಗಾಡುವ ವಸ್ತು, ಬಾಡಿ ಅಲುಗಾಡದ ವಸ್ತು. ಎರಡರ ನಡುವಿನ ವೈರಿಗೆ ಸಡಿಲ ಬೇಕು. ಚೀಲಕ್ಕೆ ಬೇಕಿಲ್ಲ, ಕಾರಿಗೆ ಬೇಕು. ಇಡೀ ಗಾಡಿ ತಡಕಾಡಿದ ಮನುಷ್ಯ ತಾನು ಮಾಡಿದ್ದನ್ನು ಮಾತ್ರ ತಿರುಗಿ ನೋಡಿರಲಿಲ್ಲ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಇನ್ನೊಬ್ಬರ ತಟ್ಟೆಯ ನೊಣ ಹುಡುಕಿದರಂತೆ ಎಂಬ ಗಾದೆ ಇವರಿಗಾಗಿಯೇ ಹುಟ್ಟಿದ ಹಾಗಿತ್ತು.

ಇವರ ಮುಖ ನೋಡಿದೆ. ಅಷ್ಟು ವರ್ಷದಲ್ಲಿ ಆ ಮುಖ ನಾನು ಕಂಡಿರಲಿಲ್ಲ. ಆಗ ನಾನು ಮಾಡಿದ್ದನ್ನು ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ. ನರ್ಸಮ್ಮ ಎತ್ತಿದ ಬಾನೆಟ್ಟಿನ ಆ ಕಡೆ ಇದ್ದರು, ಅವರಿಗೆ ಏನೂ ಕಾಣುತ್ತಿರಲಿಲ್ಲ. ಐದು ನಿಮಿಷದ ಹಿಂದೆ ಗಂಡನನ್ನು ಹಿಗ್ಗಾಮುಗ್ಗಾ ಬೈದ ನಾನೇ ಇವರ ಕಿವಿಯ ಹತ್ತಿರ ಬಾಗಿದೆ.

"ಇಲಿ ಅನ್ನಿ," ಎಂದೆ. "ಮತ್ತೆ ಇಲಿ ಕಡಿದಿತ್ತು ಅಂದ್ಬಿಟ್ರಾಯ್ತು. ಯಾರು ನೋಡೋಕೆ ಬರ್ತಾರೆ?"

ಗೋಡೆಯಿಂದ ಕತ್ತರಿ ತಂದು ಗಂಟಿನ ಕೆಳಗೆ ತೂರಿಸಿಯೂ ಬಿಟ್ಟೆ. ಇವರು ನನ್ನ ಕೈಯಿಂದ ಕತ್ತರಿ ತೆಗೆದುಕೊಂಡರು. ಕೋಪದಿಂದಲ್ಲ. ಹೋಗಿ ಅದನ್ನು ಗೋಡೆಯ ಮೇಲಿನ ಅದರ ಬಿಳಿ ಆಕಾರಕ್ಕೆ ಸರಿಯಾಗಿ ತೂಗುಹಾಕಿ ಬಂದರು.

"ಈಗ ಕತ್ತರಿಸಿದ್ರೆ ಗಾಡಿ ಸರಿಹೋಗುತ್ತೆ. ಅವರ ಹೆಸರು ಸರಿಹೋಗಲ್ಲ," ಎಂದರು ಮೆಲ್ಲಗೆ. "ಮಗನಿಗೆ ಫೋನು ಹಚ್ಚು."

"ನೀವೇ ಹೇಳಿ, ನಂಬ್ತಾನೆ."

"ನನ್ನ ಮಾತು ನಂಬಿನೇ ತಾನೆ ಇಷ್ಟೆಲ್ಲ ಆಗಿದ್ದು? ಇನ್ನು ಮಾತು ಬೇಡ. ಅವನೇ ಓಡಿಸ್ಲಿ."

ಮಗ ಐದು ಗಂಟೆಗೆ ಬಂದ. ಕಾರನ್ನು ನಮ್ಮ ಶೆಡ್ಡಿನಲ್ಲಿ ಕಂಡು ಅಮ್ಮನನ್ನು ಒಂದು ಸಲ ನೋಡಿದ. ನರ್ಸಮ್ಮ ಎರಡನೇ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಕೂತಿದ್ದರು. ಅದನ್ನು ಕಂಡು ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಯಿತು.

"ಏನೂ ಇಲ್ಲ ಅಂದಿದ್ರಿ," ಎಂದ ಮಗ, ಆ ಬೀಗದ ಕೈಯನ್ನೂ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತ.

"ಅಂದಿದ್ದೆ. ಗಾಡಿ ಹತ್ತಪ್ಪ. ಟ್ಯಾಂಕಿನ ಏರು ಹತ್ತಿಸು. ಅಮ್ಮ ಪಕ್ಕದಲ್ಲಿ ಕೂತು ಹೇಗೆ ಅಂತ ಹೇಳ್ತಾರೆ, ಹಾಗೇ ಓಡಿಸು. ನಿನ್ನ ಬುದ್ಧಿ ಉಪಯೋಗಿಸ್ಬೇಡ."

ನಾವಿಬ್ಬರೂ ಹಿಂದೆ ಕೂತೆವು. ನರ್ಸಮ್ಮನ ಡಬ್ಬಿ ನನ್ನ ತೊಡೆಯ ಮೇಲಿತ್ತು. ಎಂಜಿನ್ ಆರಿಸಿ ಮತ್ತೆ ಹಚ್ಚಿದ್ದರಿಂದ ಹಳದಿ ದೀಪ ಹೋಗಿತ್ತು, ಗಾಡಿ ಚೆನ್ನಾಗಿಯೇ ಹೊರಟಿತು. ಟ್ಯಾಂಕಿನ ಏರು ನಮ್ಮ ಬೀದಿಯ ತುದಿಯಿಂದಲೇ ಶುರುವಾಗುತ್ತದೆ. ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಸಾಲಾಗಿ ಅಂಗಡಿಗಳು, ಅರ್ಧದಲ್ಲಿ ಒಂದು ತಿರುವು.

"ಮೂರನೇ ಗೇರು," ಎಂದರು ನರ್ಸಮ್ಮ. "ಮೆತ್ತಗೆ. ಇನ್ನೂ ಮೆತ್ತಗೆ ಕಣೋ, ಹಿಂದೆ ಟ್ಯೂಬಿದೆ ಅಂದ್ಕೊ."

ಮೊದಲ ಸಲ ಏನೂ ಆಗಲಿಲ್ಲ. ಮೇಲೆ ಹೋಗಿ ತಿರುಗಿಸಿಕೊಂಡು ಬಂದೆವು. ಎರಡನೇ ಸಲವೂ ಏನೂ ಆಗಲಿಲ್ಲ. ಮಗ ಕನ್ನಡಿಯಲ್ಲಿ ಇವರ ಮುಖ ನೋಡಿದ. ಇವರ ಇಸ್ತ್ರಿಯ ಅಂಗಿಗೆ ಬೆನ್ನ ಮೇಲೆ ಬೆವರಿನ ಕಲೆ ಮೂಡಿತ್ತು. ತನ್ನ ತಪ್ಪು ಹೊರಗೆ ಬರಲಪ್ಪ ಎಂದು ಕಾಯುವ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು.

ಮೂರನೇ ಸಲ ತಿರುವಿನಲ್ಲಿ ಎಂಜಿನ್ ಒಮ್ಮೆ ನಡುಗಿತು. ಹಳದಿ ದೀಪ ಹತ್ತಿತು. ಕಾರು ಉಸಿರು ಬಿಟ್ಟ ಹಾಗೆ ಬಲ ಕಳೆದುಕೊಂಡಿತು. ಹಿಂದೆ ಬಸ್ಸೊಂದು ಮೈಮೇಲೆ ಬರುವಷ್ಟು ಹತ್ತಿರ ಬಂದು ಹಾರ್ನ್ ಹೊಡೆಯತೊಡಗಿತು. ಮಗನ ಕತ್ತಿನ ನರ ಉಬ್ಬಿತು.

"ಒತ್ತಿದೀನಿ. ಪೂರ್ತಿ ಒತ್ತಿದೀನಿ. ಹೋಗ್ತಾ ಇಲ್ಲಮ್ಮ."

"ಗೊತ್ತು," ಎಂದರು ನರ್ಸಮ್ಮ.

ಅವರು ಅಷ್ಟೇ ಹೇಳಿದ್ದು. ತೆವಳಿಕೊಂಡು ಮೇಲೆ ಹೋಗಿ, ಟ್ಯಾಂಕಿನ ಗೋಡೆಯ ಪಕ್ಕ ಗಾಡಿ ನಿಲ್ಲಿಸಿ, ಮಗ ಸ್ಟೇರಿಂಗ್ ಮೇಲೆ ಎರಡೂ ಕೈಯಿಟ್ಟು ಕೂತುಬಿಟ್ಟ. ಇವರು ಇಳಿದು ಬಾನೆಟ್ ಎತ್ತಿ ಅವನನ್ನು ಕರೆದರು.

"ಈ ಗಂಟು ನೋಡಪ್ಪ. ಇದು ನಾನು ಹಾಕಿದ್ದು. ಎಂಜಿನ್ ವಾಲಿದಾಗ ವೈರು ಎಳೆದು ಒಳಗಿನ ಪಿನ್ನು ಬಿಟ್ಕೊಳ್ತಿತ್ತು. ದೋಷ ಇದ್ದದ್ದು ನಿಮ್ಮಮ್ಮನ ಕಾಲಲ್ಲಲ್ಲ, ನನ್ನ ಕೈಯಲ್ಲಿ. ಅದರ ಮೇಲೆ ನಾಲಿಗೇನೂ ಉದ್ದ ಮಾಡಿದೆ. ತಪ್ಪಾಯ್ತು."

ಮಗನ ಮುಖ ಕೆಂಪಾಯಿತು. "ನಿಮ್ಮನ್ನ ನಂಬಿ ಅಮ್ಮನ ಕೈಯಿಂದ ಬೀಗದ ಕೈ ಕಿತ್ಕೊಂಡೆ," ಎಂದ. "ತಟ್ಟೆ ಮುಂದೆ ಕೂತು ಅಳ್ತಿದ್ರು. ನಾನು ಅದನ್ನೂ ವಯಸ್ಸು ಅಂದ್ಕೊಂಡೆ."

ಇವರು ತಲೆ ತಗ್ಗಿಸಿ ನಿಂತರು. ನರ್ಸಮ್ಮ ಹತ್ತಿರ ಬಂದು ಬಗ್ಗಿ ಗಂಟನ್ನು ನೋಡಿದರು. ಬೆರಳಿನಿಂದ ಮುಟ್ಟಿದರು.

"ಚೆನ್ನಾಗಿ ಹಾಕಿದೀರಿ," ಎಂದರು. "ಗಾಯಕ್ಕೆ ನಾವೂ ಹೀಗೆ ಬಿಗಿದು ಕಟ್ಟಿದ್ರೆ ಕೈಗೆ ರಕ್ತ ಹೋಗಲ್ಲ ಮೇಸ್ತ್ರಿ. ಕಟ್ಟಿದ ಮೇಲೆ ಒಂದು ಬೆರಳು ತೂರಿಸಿ ನೋಡ್ಬೇಕು. ಬೆರಳು ಹಿಡಿಸಿದ್ರೆ ಸರಿ. ನಮಗೆ ಮೊದಲನೇ ವರ್ಷ ಹೇಳ್ಕೊಡ್ತಾರೆ."

ಇವರು ಜೇಬಿನ ಚಾಕುವಿನಿಂದ ಗಂಟು ಕತ್ತರಿಸಿದರು. ವೈರಿನ ಕಟ್ಟು ಉಸ್ಸೆಂದು ಕುಸಿದು ತನ್ನ ಜಾಗಕ್ಕೆ ಬಂತು. ಜಗ್ಗಿಹೋಗಿದ್ದ ಪಿನ್ನನ್ನು ಒತ್ತಿ ಕೂರಿಸಿ, ಹೊಸ ದಾರ ಸುತ್ತಿ, ಎಳೆಯುವ ಮುಂಚೆ ತಮ್ಮ ತೋರುಬೆರಳನ್ನು ಒಳಗಿಟ್ಟುಕೊಂಡರು. ಮಗ ಬೀಗದ ಕೈಯನ್ನು ಅಮ್ಮನ ಮುಂದೆ ಹಿಡಿದ. ನರ್ಸಮ್ಮ ತೆಗೆದುಕೊಳ್ಳಲಿಲ್ಲ.

"ಎರಡೂ ಕೊಡು," ಎಂದರು.

ಅವನು ಇನ್ನೊಂದು ಜೇಬಿಗೂ ಕೈ ಹಾಕಿದ. ಆಮೇಲೆ ನರ್ಸಮ್ಮನೇ ನಮ್ಮೆಲ್ಲರನ್ನೂ ಕೂರಿಸಿಕೊಂಡು ಕೆಳಗಿಳಿಸಿದರು, ಮತ್ತೆ ಹತ್ತಿಸಿದರು, ಮತ್ತೆ ಇಳಿಸಿದರು. ಎಲ್ಲ ಮೂರನೇ ಗೇರಿನಲ್ಲೇ. ನನ್ನ ತೊಡೆಯ ಮೇಲಿನ ಡಬ್ಬಿಯಲ್ಲಿ ಒಂದು ಟ್ಯೂಬೂ ಸದ್ದು ಮಾಡಲಿಲ್ಲ. ಮಗ ಕಿಟಕಿಯ ಆಚೆ ನೋಡುತ್ತ ಕಣ್ಣು ಒರೆಸಿಕೊಂಡ.

ಇದಾಗಿ ಒಂದೂವರೆ ವರ್ಷವಾಯಿತು. ಹನ್ನೊಂದು ಮನೆ ಈಗ ಹದಿನಾಲ್ಕಾಗಿವೆ. ಇವರ ಅಂಗಿಯ ಗೆರೆ ಈಗಲೂ ನೆಟ್ಟಗೇ ಇದೆ, ಅದರಲ್ಲೇನೂ ಬದಲಾವಣೆಯಿಲ್ಲ. ಆದರೆ ಸ್ಕ್ಯಾನರ್ ಹಾಕಿದರೆ ಮೊದಲು ಓದುತ್ತಾರೆ. ಏನೂ ಇಲ್ಲ ಎಂಬ ಮಾತು ಅವರ ಬಾಯಲ್ಲಿ ನಾನು ಮತ್ತೆ ಕೇಳಿಲ್ಲ. ನನಗಿನ್ನೂ ಸಿಕ್ಕಿಲ್ಲ ಎನ್ನುತ್ತಾರೆ. ಕೆಲವು ಗಿರಾಕಿಗಳು ಮೇಸ್ತ್ರಿಗೆ ಕೆಲಸ ಮರೆತುಹೋಯಿತು ಎಂದು ಬೇರೆ ಕಡೆ ಹೋದರು. ಹೋಗಲಿ.

ಈ ಕತೆಯನ್ನು ಕೇಳಿದವರಿಗೆಲ್ಲ ಇವರೇ ಹೇಳುತ್ತಾರೆ. ಗುಡಿಸಿದ್ದು ಹೇಳುತ್ತಾರೆ, ಗಾದೆ ಹೇಳಿದ್ದು ಹೇಳುತ್ತಾರೆ, ಗಂಟು ತನ್ನದೇ ಎಂದು ಹೇಳುತ್ತಾರೆ. ಇಲಿಯ ಮಾತು ಮಾತ್ರ ಎತ್ತುವುದಿಲ್ಲ. ನಾವಿಬ್ಬರೇ ಇದ್ದಾಗಲೂ, ಜಗಳದ ನಡುವೆ ನಾನು ಎಷ್ಟು ಕೆಣಕಿದರೂ ಎತ್ತಿಲ್ಲ. ಆ ಮಾತು ಆಡಿದವಳು ನಾನು ಎಂದು ಈವರೆಗೆ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.